ಲೇಸರ್ ಬೆಳಕು ಮತ್ತು ದವಡೆಯ ಮೂಳೆ: ಒಂಬತ್ತನೆಯ ತರಗತಿಗೊಂದು ಸಂಯೋಜಿತ ಪಾಠ

ಒಂಬತ್ತನೆಯ ತರಗತಿಯ ವಿಜ್ಞಾನದಲ್ಲಿ ಜೀವಕೋಶ, ಅಂಗಾಂಶ, ಕೆಲಸ ಮತ್ತು ಶಕ್ತಿ, ಶಬ್ದ ಇವು ನಾಲ್ಕು ಬೇರೆ ಬೇರೆ ಘಟಕಗಳು. ನಮ್ಮ ಪ್ರಶಿಕ್ಷಣಾರ್ಥಿಗಳು ಇವಕ್ಕೆ ಪಾಠಯೋಜನೆಗಳನ್ನೂ ಬೇರೆ ಬೇರೆಯಾಗಿಯೇ ಬರೆಯುತ್ತಾರೆ. ಜೀವವಿಜ್ಞಾನ ವಿಧಾನದವರು ಮೊದಲೆರಡನ್ನು ಆರಿಸಿಕೊಂಡರೆ ಭೌತವಿಜ್ಞಾನ ವಿಧಾನದವರು ಉಳಿದೆರಡನ್ನು ತೆಗೆದುಕೊಳ್ಳುತ್ತಾರೆ. ಮಕ್ಕಳ ತಲೆಯಲ್ಲೂ ಅವು ಹಾಗೆಯೇ ಉಳಿಯುತ್ತವೆ. ಮೈಟೋಕಾಂಡ್ರಿಯ ಕೋಶದ ಶಕ್ತಿಕೇಂದ್ರ ಎಂದು ತಪ್ಪಿಲ್ಲದೆ ಬರೆಯುವ ಮಗುವಿಗೆ, ಆ ಶಕ್ತಿಯನ್ನೂ ಜೂಲ್‌ನಲ್ಲೇ ಅಳೆಯಬಹುದು ಎಂಬುದು ಹೊಳೆದಿರುವುದಿಲ್ಲ.

ಈ ಸಲದ ಇಂಟರ್ನ್‌ಶಿಪ್ ಅವಧಿಯಲ್ಲಿ, ನಾಲ್ಕೂ ಘಟಕಗಳನ್ನು ಒಂದೇ ಪ್ರಶ್ನೆಗೆ ಕಟ್ಟುವ ಮೂರು ಅವಧಿಗಳ ಮಾದರಿ ಪಾಠವನ್ನು ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಮಾಡಿದೆ. ನಾಲ್ವರು ಪ್ರಶಿಕ್ಷಣಾರ್ಥಿಗಳು ವೀಕ್ಷಣಾ ಪುಸ್ತಕ ಹಿಡಿದು ಹಿಂದಿನ ಬೆಂಚಿನಲ್ಲಿದ್ದರು. ಪ್ರಶ್ನೆ ಇಷ್ಟು: ಹಲ್ಲಿನ ಇಂಪ್ಲಾಂಟ್ ಹಾಕಿದ ಮೇಲೆ ಲೇಸರ್ ಬೆಳಕು ಹಾಯಿಸಿದರೆ ಗಾಯ ಬೇಗ ಮಾಯುತ್ತದೆಯೆ?

ಈ ವಿಷಯ ನನಗೆ ಸಿಕ್ಕಿದ್ದು ಒಬ್ಬ ಪ್ರಶಿಕ್ಷಣಾರ್ಥಿಯ ಚಾರ್ಟಿನಿಂದ. ‘ಲೇಸರ್‌ನ ಉಪಯೋಗಗಳು’ ಎಂದು ಬರೆದು, ಕೆಳಗೆ ಕಣ್ಣಿನ ಶಸ್ತ್ರಚಿಕಿತ್ಸೆ, ಲೋಹ ಕತ್ತರಿಸುವುದು, ಅಂಗಡಿಯ ಬಾರ್‌ಕೋಡ್, ಹಲ್ಲಿನ ಚಿಕಿತ್ಸೆ ಎಂದು ಚಿತ್ರ ಅಂಟಿಸಿದ್ದರು. ಹಲ್ಲಿನ ಚಿತ್ರವನ್ನು ಯಾವುದೋ ದಂತ ಚಿಕಿತ್ಸಾಲಯದ ಕರಪತ್ರದಿಂದ ಕತ್ತರಿಸಿದ್ದು. ‘ನೋವಿಲ್ಲ, ಬೇಗ ಗುಣ’ ಎಂಬ ಸಾಲೂ ಅದರ ಜೊತೆಗೇ ಬಂದಿತ್ತು. ಇಂಪ್ಲಾಂಟ್ ಈಗ ದೊಡ್ಡ ಊರುಗಳಿಗಷ್ಟೇ ಸೀಮಿತವಲ್ಲ, ತಾಲ್ಲೂಕು ಕೇಂದ್ರಗಳಲ್ಲೂ ಹಾಕುತ್ತಾರೆ. ನಮ್ಮ ಮಕ್ಕಳ ಮನೆಯವರು ಇಂಥ ಕರಪತ್ರ ಓದಿ ದುಡ್ಡು ಕೊಡುವ ಜನ. ತರಗತಿಯ ಗೋಡೆಗೆ ಅಂಟಿದ ಮೇಲೆ ಆ ಸಾಲು ಜಾಹೀರಾತಾಗಿ ಉಳಿಯುವುದಿಲ್ಲ, ಟೀಚರ್ ಹೇಳಿದ ಮಾತಾಗುತ್ತದೆ. ಚಾರ್ಟ್ ತೆಗೆಸಲು ನನಗೆ ಮನಸ್ಸಾಗಲಿಲ್ಲ. ಆ ಒಂದು ಸಾಲನ್ನೇ ಪಾಠ ಮಾಡೋಣ ಎಂದೆ.

ಮೊದಲು ಮೂಳೆ, ಆಮೇಲೆ ಬೆಳಕು

ಪಾಠದ ಕ್ರಮದ ಬಗ್ಗೆ ನಮ್ಮಲ್ಲಿ ಚರ್ಚೆಯಾಯಿತು. ಲೇಸರ್‌ನಿಂದ ಶುರುಮಾಡಿದರೆ ಮಕ್ಕಳಿಗೆ ಆಸಕ್ತಿ ಹುಟ್ಟುತ್ತದೆ, ಅದೇ ಒಳ್ಳೆಯ ಪೀಠಿಕೆ ಎಂಬುದು ಪ್ರಶಿಕ್ಷಣಾರ್ಥಿಗಳ ವಾದ. ಆಸಕ್ತಿ ಹುಟ್ಟುವುದು ನಿಜ. ಆದರೆ ‘ಬೇಗ’ ಎಂಬ ಮಾತನ್ನು ತೂಗಬೇಕಾದರೆ, ಲೇಸರ್ ಇಲ್ಲದಿದ್ದಾಗ ಎಷ್ಟು ದಿನ ಹಿಡಿಯುತ್ತದೆ ಎಂಬುದು ಮೊದಲು ಗೊತ್ತಿರಬೇಕು. ದೇಹ ತನ್ನಷ್ಟಕ್ಕೆ ಗಾಯ ಮಾಯಿಸಿಕೊಳ್ಳುವ ವೇಳಾಪಟ್ಟಿ ತಿಳಿಯದವರಿಗೆ ಯಾವ ಚಿಕಿತ್ಸೆಯೂ ಪವಾಡದಂತೆಯೇ ಕಾಣುತ್ತದೆ. ಹಾಗಾಗಿ ಮೊದಲ ಅವಧಿಯಲ್ಲಿ ಲೇಸರ್ ಎಂಬ ಪದವನ್ನೇ ಎತ್ತಲಿಲ್ಲ.

ಹಲ್ಲು ಬಿದ್ದ ಜಾಗದ ದವಡೆಯ ಮೂಳೆಗೆ ರಂಧ್ರ ಕೊರೆದು ಟೈಟಾನಿಯಂ ಲೋಹದ ಸಣ್ಣ ಸ್ಕ್ರೂ ಕೂರಿಸುತ್ತಾರೆ. ಕೆಲವು ತಿಂಗಳ ನಂತರ ಅದರ ಮೇಲೆ ಕೃತಕ ಹಲ್ಲು ಬರುತ್ತದೆ. ಆ ತಿಂಗಳುಗಳಲ್ಲಿ ಏನಾಗುತ್ತದೆ? ಇಲ್ಲಿ ಸ್ವೀಡನ್ನಿನ ಪಿಯರ್-ಇಂಗ್ವಾರ್ ಬ್ರೋನೆಮಾರ್ಕ್ ಅವರ ಕಥೆ ಹೇಳಿದೆ. ಮೂಳೆಮಜ್ಜೆಯಲ್ಲಿ ರಕ್ತ ಹರಿಯುವುದನ್ನು ನೋಡಲು ಅವರು 1950ರ ದಶಕದಲ್ಲಿ ಮೊಲದ ಕಾಲಿನ ಮೂಳೆಯೊಳಗೆ ಟೈಟಾನಿಯಂ ಕವಚದ ವೀಕ್ಷಣಾ ಸಾಧನ ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ಸಾಧನವನ್ನು ಹೊರತೆಗೆಯಲು ಹೋದರೆ ಬರಲಿಲ್ಲ. ಮೂಳೆ ಅದನ್ನು ಹಿಡಿದುಕೊಂಡುಬಿಟ್ಟಿತ್ತು. ಅವರು ಹುಡುಕುತ್ತಿದ್ದದ್ದು ಬೇರೆ, ಸಿಕ್ಕಿದ್ದು ಬೇರೆ. 1965ರಲ್ಲಿ ಯೋಸ್ಟಾ ಲಾರ್ಸನ್ ಎಂಬವರ ಕೆಳದವಡೆಗೆ ಮೊದಲ ಇಂಪ್ಲಾಂಟ್‌ಗಳನ್ನು ಹಾಕಿದರು. 2006ರಲ್ಲಿ ಲಾರ್ಸನ್ ತೀರಿಕೊಳ್ಳುವವರೆಗೂ, ಅಂದರೆ ನಾಲ್ಕು ದಶಕ, ಅವು ಕೆಲಸ ಮಾಡಿದವು. ‘ಮನುಷ್ಯನಿಗಿಂತ ಗಟ್ಟಿ’ ಎಂದ ಒಬ್ಬ ಹುಡುಗ. ಅಲ್ಲಗಳೆಯುವಂತಿರಲಿಲ್ಲ.

ಟೈಟಾನಿಯಂ ಗಾಳಿಗೆ ಸೋಕಿದ ಕ್ಷಣವೇ ತನ್ನ ಮೇಲೆ ಅತಿ ತೆಳುವಾದ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ. ದೇಹದ ದ್ರವಗಳಲ್ಲಿ ಅದು ಸುಲಭವಾಗಿ ಕರಗುವುದಿಲ್ಲ. ಮೂಳೆಕೋಶಗಳು ಅದರ ಮೇಲೆ ಮೂಳೆ ಕಟ್ಟುತ್ತವೆ. ಇದನ್ನು ಒಂದೆರಡು ವಾಕ್ಯದಲ್ಲಿ ಮುಗಿಸಿದೆ. ಲೋಹಗಳ ಘಟಕ ಬರುವುದು ಮುಂದಿನ ತರಗತಿಯಲ್ಲಿ.

ನಿಜವಾದ ತಿರುಳು ವೇಳಾಪಟ್ಟಿಯಲ್ಲಿದೆ. ಕೊರೆದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಮೊದಲ ಕೆಲವು ದಿನ ಊತ, ನೋವು. ಬಿಳಿರಕ್ತಕಣಗಳು ಬಂದು ಸತ್ತ ಕೋಶಗಳನ್ನೂ ರೋಗಾಣುಗಳನ್ನೂ ತೆರವು ಮಾಡುವ ಹೊತ್ತು ಅದು. ಒಂದೆರಡು ವಾರದಲ್ಲಿ ವಸಡು ಕೂಡಿಕೊಳ್ಳುತ್ತದೆ. ಕನ್ನಡಿಯಲ್ಲಿ ನೋಡಿಕೊಂಡವರಿಗೆ ಗಾಯ ಮಾಯ್ದಂತೆಯೇ ಕಾಣುತ್ತದೆ, ಆದರೆ ಒಳಗಿನ ಕೆಲಸ ಆಗಷ್ಟೇ ಶುರು. ಸ್ಕ್ರೂವಿಗೆ ತಾಗಿದ ಹಳೆಯ ಮೂಳೆ ಸ್ವಲ್ಪ ಕರಗುತ್ತದೆ, ಅದೇ ಹೊತ್ತಿಗೆ ಹೊಸ ಎಳೆಮೂಳೆ ಮೂಡುತ್ತದೆ. ಈ ಕರಗುವಿಕೆ ಕಟ್ಟುವಿಕೆಗಿಂತ ಮುಂದಿರುವ ಕೆಲವು ವಾರ ಇಂಪ್ಲಾಂಟಿನ ಹಿಡಿತ ಮೊದಲ ದಿನಕ್ಕಿಂತ ಕಡಿಮೆಯಾಗಿರುತ್ತದೆ. ಆಮೇಲೆ ಮತ್ತೆ ಏರುತ್ತದೆ. ಬ್ರೋನೆಮಾರ್ಕ್ ಪದ್ಧತಿಯಲ್ಲಿ ಕೆಳದವಡೆಗೆ ಸುಮಾರು 3 ತಿಂಗಳು, ಮೃದುವಾದ ಮೇಲ್ದವಡೆಗೆ ಸುಮಾರು 6 ತಿಂಗಳು ಕಾಯುತ್ತಿದ್ದರು.

ಹಿಡಿತ ಮೊದಲು ಇಳಿದು ಆಮೇಲೆ ಏರುತ್ತದೆ ಎಂಬುದು ಮಕ್ಕಳಿಗೆ ಒಗ್ಗದ ಮಾತು. ಗುಣವಾಗುವುದೆಂದರೆ ದಿನದಿನಕ್ಕೆ ಮೇಲೇರುವ ಗೆರೆ ಎಂದು ಎಲ್ಲರೂ ಅಂದುಕೊಂಡಿದ್ದರು. ಬೇಲಿಗೂಟದ ಹೋಲಿಕೆ ಇಲ್ಲಿ ನೆರವಾಯಿತು. ಗ್ಲಿರಿಸಿಡಿಯದ ಹಸಿ ಗೂಟವನ್ನು ಬಡಿದು ನೆಟ್ಟ ದಿನ ಅದು ಬಿಗಿಯಾಗಿಯೇ ನಿಲ್ಲುತ್ತದೆ. ನಾಲ್ಕು ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಅಲುಗುತ್ತದೆ. ಬೇರು ಬಿಟ್ಟ ಮೇಲೆ ಎಮ್ಮೆ ಗುದ್ದಿದರೂ ಅಲುಗುವುದಿಲ್ಲ. ಮೊದಲ ಬಿಗಿ ಬಡಿದದ್ದರಿಂದ ಬಂದದ್ದು, ಎರಡನೆಯ ಬಿಗಿ ಬೆಳೆದದ್ದರಿಂದ. ಗುಂಪುಗಳಿಗೆ ಗ್ರಾಫ್ ಹಾಳೆ ಕೊಟ್ಟು, ಅಡ್ಡ ಅಕ್ಷದಲ್ಲಿ ವಾರಗಳನ್ನೂ ಲಂಬ ಅಕ್ಷದಲ್ಲಿ ಹಿಡಿತವನ್ನೂ ಇಟ್ಟು, ಇಳಿಯುವ ಗೆರೆ ಒಂದು, ಏರುವ ಗೆರೆ ಒಂದು ಎಳೆಯಲು ಹೇಳಿದೆ. ಎರಡನ್ನೂ ಕೂಡಿಸಿದಾಗ ನಡುವೆ ಬರುವ ತಗ್ಗನ್ನು ಅವರೇ ಕಂಡುಕೊಂಡರು.

ಆಗ ಎರಡನೆಯ ಸಾಲಿನ ಹುಡುಗಿಯೊಬ್ಬಳು ಎದ್ದು, “ಗೂಟ ಚಿಗುರ್ತದೆ ಮೇಡಂ, ಸ್ಕ್ರೂ ಚಿಗುರಲ್ಲ” ಎಂದಳು. ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನು ಒಂದೇ ವಾಕ್ಯದಲ್ಲಿ ಹಿಡಿದಿದ್ದಳು. ಇಲ್ಲಿ ಬೆಳೆಯುವುದು ಗೂಟವಲ್ಲ, ನೆಲ. ಅವಳ ಮಾತನ್ನು ಹಾಗೆಯೇ ಹಲಗೆಯ ಮೇಲೆ ಬರೆದೆ. ಕಲಿಕಾಂಶ ‘ಮೂಳೆ ಸಜೀವ ಅಂಗಾಂಶ’ ಎಂದು ಪಾಠಯೋಜನೆಯಲ್ಲಿ ಬರೆದಿದ್ದೆ. ಅವಳು ಹೇಳಿದ ಮೇಲೆ ನಾನು ಅದನ್ನು ಹೇಳಬೇಕಾಗಿ ಬರಲಿಲ್ಲ.

ಹಿಡಿತವನ್ನು ಅಳೆಯುವುದು ಹೇಗೆ? ಎಳೆದು ನೋಡಿದರೆ ಇಂಪ್ಲಾಂಟೇ ಹಾಳಾದೀತು. ದಂತವೈದ್ಯರು ಅದರ ಮೇಲೆ ಒಂದು ಸಣ್ಣ ಕಡ್ಡಿ ತಿರುಗಿಸಿ ಕೂರಿಸಿ, ಕಾಂತೀಯ ಮಿಡಿತದಿಂದ ಅದನ್ನು ಕಂಪಿಸಿ, ಕಂಪನದ ಆವೃತ್ತಿ ನೋಡುತ್ತಾರೆ. ಅದನ್ನು 1ರಿಂದ 100ರವರೆಗಿನ ಅಂಕಿಯಾಗಿ ತೋರಿಸುವ ಉಪಕರಣವಿದೆ. ಬಿಗಿ ಹೆಚ್ಚಿದಷ್ಟೂ ಅಂಕಿ ಹೆಚ್ಚು. ತರಗತಿಯಲ್ಲಿ ಇದಕ್ಕೆ ಉಕ್ಕಿನ ಸ್ಕೇಲ್ ಸಾಕು. ಬೆಂಚಿನ ಅಂಚಿಗೆ ಬಿಗಿಯಾಗಿ ಒತ್ತಿ ಹಿಡಿದು ತುದಿ ಮಿಡಿದರೆ ಒಂದು ಸದ್ದು, ಸಡಿಲಬಿಟ್ಟು ಮಿಡಿದರೆ ಇನ್ನೊಂದು. ಶಬ್ದದ ಘಟಕದಲ್ಲಿ ಹೇಗೂ ಮಾಡಿಸುವ ಚಟುವಟಿಕೆ ಇದು. ಕಂಪನದಿಂದ ಬಿಗಿತ ಓದಬಹುದು ಎಂಬ ತಿರುವನ್ನಷ್ಟೇ ಸೇರಿಸಿದೆ.

ಬೆರಳ ಸಂದಿಯ ಕೆಂಪು

ಎರಡನೆಯ ಅವಧಿಯನ್ನು ಕಿಟಕಿ ಮುಚ್ಚಿಸಿ ಶುರುಮಾಡಿದೆ. ಮೊಬೈಲ್ ಟಾರ್ಚನ್ನು ಬೆರಳಿಂದ ಮುಚ್ಚಿದರೆ ಬೆರಳು ಕೆಂಪಾಗಿ ಹೊಳೆಯುತ್ತದೆ. ಮಕ್ಕಳೆಲ್ಲ ಮನೆಯಲ್ಲಿ ಆಡಿದ ಆಟ. ಟಾರ್ಚಿನದು ಬಿಳಿ ಬೆಳಕು, ಅದರಲ್ಲಿ ನೀಲಿ, ಹಸಿರು ಎಲ್ಲ ಇವೆ. ಹೊರಬಂದದ್ದು ಕೆಂಪು ಮಾತ್ರ ಏಕೆ? ‘ರಕ್ತ ಕೆಂಪಗಿದೆ, ಅದಕ್ಕೇ’ ಎಂಬ ಉತ್ತರ ಕೂಡಲೆ ಬಂತು. ಅದನ್ನೇ ಸ್ವಲ್ಪ ತಿರುಗಿಸಬೇಕು: ರಕ್ತದ ಹಿಮೋಗ್ಲೋಬಿನ್ ನೀಲಿ, ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ಕೆಂಪನ್ನು ಅಷ್ಟಾಗಿ ಹೀರುವುದಿಲ್ಲ. ಹಾಗಾಗಿ ಕೆಂಪು ಬೆಳಕೂ ಅದರಾಚೆಯ ಕಣ್ಣಿಗೆ ಕಾಣದ ಅವಕೆಂಪು ಬೆಳಕೂ ಅಂಗಾಂಶದೊಳಗೆ ಕೆಲವು ಮಿಲಿಮೀಟರ್ ಇಳಿಯಬಲ್ಲವು. ಕೊರೋನಾ ಕಾಲದಲ್ಲಿ ಆಶಾ ಕಾರ್ಯಕರ್ತೆಯರು ಬೆರಳಿಗೆ ಸಿಕ್ಕಿಸಿದ್ದ ಪಲ್ಸ್ ಆಕ್ಸಿಮೀಟರ್ ಕೆಲಸ ಮಾಡುವುದೂ ಈ ಎರಡು ಬೆಳಕಿನಿಂದಲೇ. ಸಾಮಾನ್ಯವಾಗಿ ಒಂದು 660 ನ್ಯಾನೊಮೀಟರ್ ಆಸುಪಾಸಿನದು, ಇನ್ನೊಂದು 940ರ ಆಸುಪಾಸಿನದು. ಗಾಯಕ್ಕೆ ಹಾಯಿಸುವ ಲೇಸರ್‌ಗಳ ತರಂಗದೂರವೂ ಬಹುತೇಕ ಇದೇ ವಲಯದಲ್ಲಿದೆ. ಕಾರಣವನ್ನು ಮಕ್ಕಳು ತಮ್ಮ ಬೆರಳಲ್ಲೇ ನೋಡಿಯಾಗಿತ್ತು.

ಒಂದು ಎಚ್ಚರಿಕೆ. ಈ ಪಾಠಕ್ಕೆ ಜಾತ್ರೆಯಲ್ಲಿ ಸಿಗುವ ಲೇಸರ್ ಪಾಯಿಂಟರ್ ತರಬೇಡಿ. ಮೇಲೆ ಅಂಟಿಸಿದ ಚೀಟಿಯಲ್ಲಿ ಏನೇ ಇರಲಿ, ಅದರ ನಿಜವಾದ ಸಾಮರ್ಥ್ಯ ನಂಬುವಂತಿರುವುದಿಲ್ಲ. ಕಣ್ಣಿನ ಪಾಪೆಯೊಳಗೆ ಹೋದ ಲೇಸರ್ ಕಿರಣವನ್ನು ಕಣ್ಣಿನ ಮಸೂರವೇ ಒಂದು ಬಿಂದುವಿಗೆ ಕೂಡಿಸುತ್ತದೆ. ಚಿಕಿತ್ಸಾಲಯದಲ್ಲಿ ವೈದ್ಯರೂ ರೋಗಿಯೂ ರಕ್ಷಣಾ ಕನ್ನಡಕ ಹಾಕಿಕೊಳ್ಳುವುದು ಇದೇ ಕಾರಣಕ್ಕೆ. ಟಾರ್ಚ್ ಮತ್ತು ಬೆರಳು ಇದ್ದರೆ ಈ ಪಾಠಕ್ಕೆ ಸಾಕು.

ಲೇಸರ್‌ನ ಚರಿತ್ರೆಯಲ್ಲಿ ಎರಡೇ ಘಟನೆ ಹೇಳಿದೆ. 1960ರ ಮೇ 16ರಂದು ಅಮೆರಿಕದ ಥಿಯೊಡೋರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಹೊಮ್ಮಿಸಿದರು. ಅದರ ತರಂಗದೂರ ಸುಮಾರು 694 ನ್ಯಾನೊಮೀಟರ್, ಕಡುಕೆಂಪು. ಕೆಲವೇ ವರ್ಷಗಳಲ್ಲಿ, 1960ರ ದಶಕದ ಉತ್ತರಾರ್ಧದಲ್ಲಿ, ಹಂಗೆರಿಯ ಬುಡಾಪೆಸ್ಟಿನಲ್ಲಿ ಎಂಡ್ರೆ ಮೆಸ್ಟರ್ ಎಂಬ ವೈದ್ಯರು ಬೆನ್ನಿನ ಕೂದಲು ಬೋಳಿಸಿದ ಇಲಿಗಳಿಗೆ ಮಾಣಿಕ್ಯದ ಲೇಸರ್ ಹಾಯಿಸಿದರು. ಕ್ಯಾನ್ಸರ್ ಬರುತ್ತದೆಯೆ ಎಂದು ನೋಡಲು ಹೋದರೆ ಕ್ಯಾನ್ಸರ್ ಬರಲಿಲ್ಲ, ಬೆಳಕು ಬಿದ್ದ ಇಲಿಗಳಿಗೆ ಕೂದಲು ಬೇಗ ಬೆಳೆಯಿತು. ಮುಂದೆ ಅವರು ಅದನ್ನು ಮಾಯದ ಹುಣ್ಣುಗಳ ಮೇಲೆ ಪ್ರಯೋಗಿಸಿದರು. ಇಂದು ಫೋಟೊಬಯೊಮಾಡ್ಯುಲೇಶನ್ ಎಂದು ಕರೆಯುವ ಚಿಕಿತ್ಸೆ ಹುಟ್ಟಿದ್ದು ಹೀಗೆ. ಬ್ರೋನೆಮಾರ್ಕ್‌ರ ಮೊಲ, ಮೆಸ್ಟರ್‌ರ ಇಲಿ ಎರಡೂ ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು ಎಂಬ ಕಥೆಗಳೇ. ಮಕ್ಕಳು ತಾವಾಗಿಯೇ ಇದನ್ನು ಗುರುತಿಸಿದರು.

ಬೆಳಕು ಕೋಶದಲ್ಲಿ ಮಾಡುವುದೇನು? ಹೆಚ್ಚು ಚರ್ಚೆಯಾಗಿರುವ ವಿವರಣೆ ಮೈಟೋಕಾಂಡ್ರಿಯದ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವದ್ದು. ಉಸಿರಾಟದ ಸರಪಳಿಯ ಕೊನೆಯಲ್ಲಿ ಆಮ್ಲಜನಕವನ್ನು ಬಳಸಿಕೊಳ್ಳುವ ಈ ಕಿಣ್ವ ಕೆಂಪು ಮತ್ತು ಅವಕೆಂಪು ಬೆಳಕನ್ನು ಹೀರಬಲ್ಲದು. ಅದರಿಂದ ಎಟಿಪಿ ಉತ್ಪಾದನೆ ಹೆಚ್ಚಿ, ಮೂಳೆ ಕಟ್ಟುವ ಕೋಶಗಳು ಚುರುಕಾಗುತ್ತವೆ ಎಂಬುದು ವಾದ. ಹಲಗೆಯ ಮೇಲೆ ‘ವಾದ’ ಎಂಬ ಪದಕ್ಕೆ ಗೆರೆ ಎಳೆದೆ. ಬಟ್ಟಲಿನಲ್ಲಿ ಬೆಳೆಸಿದ ಕೋಶಗಳಲ್ಲಿ ಕಂಡದ್ದು ವಸಡಿನ ಕೆಳಗಿನ ಮೂಳೆಯಲ್ಲೂ ಹಾಗೆಯೇ ಆಗುತ್ತದೆ ಎಂದು ಮೊದಲೇ ಒಪ್ಪಿಕೊಳ್ಳುವಂತಿಲ್ಲ. ಬೆಳಕು ಅಲ್ಲಿಯವರೆಗೆ ಎಷ್ಟು ತಲುಪುತ್ತದೆ ಎಂಬುದೇ ಒಂದು ಪ್ರಶ್ನೆ.

ಆರು ಜೂಲ್ ಅಂದರೆ ಎಷ್ಟು

ಇಲ್ಲಿ ನಾನು ಎಣಿಸಿದ್ದಕ್ಕಿಂತ ಹೆಚ್ಚು ಹೊತ್ತು ನಿಂತೆ, ನಿಲ್ಲಬೇಕಾದ ಜಾಗವೂ ಇದೇ. ಲೇಸರ್‌ನ ಸಾಮರ್ಥ್ಯ 0.1 ವ್ಯಾಟ್ ಇದ್ದು 60 ಸೆಕೆಂಡ್ ಹಾಯಿಸಿದರೆ ಶಕ್ತಿ ಎಷ್ಟು? ಸಾಮರ್ಥ್ಯವನ್ನು ಕಾಲದಿಂದ ಗುಣಿಸಿದರೆ 6 ಜೂಲ್. ಸೂತ್ರ ಎಲ್ಲರಿಗೂ ಬರುತ್ತಿತ್ತು. ಅದು ಹೆಚ್ಚೋ ಕಡಿಮೆಯೋ ಎಂದು ಕೇಳಿದಾಗ ತರಗತಿ ಸುಮ್ಮನಾಯಿತು. 1 ಗ್ರಾಂ ನೀರನ್ನು 1 ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಸುಮಾರು 4.2 ಜೂಲ್ ಬೇಕು. ಅಂದರೆ 6 ಜೂಲ್ ಪೂರ್ತಿ 1 ಗ್ರಾಂ ನೀರಿಗೆ ಹೋದರೂ ಅದು ಒಂದೂವರೆ ಡಿಗ್ರಿಯಷ್ಟೂ ಬಿಸಿಯಾಗದು. ಲೇಸರ್ ಎಂದರೆ ಸುಡುವುದು ಎಂಬ ಸಿನಿಮಾದ ಕಲ್ಪನೆ ಇಲ್ಲಿಗೆ ಬಿತ್ತು. ಸುಡುವ, ಕೊಯ್ಯುವ ಲೇಸರ್ ದಂತವೈದ್ಯದಲ್ಲಿ ಇಲ್ಲವೆಂದಲ್ಲ. ಅದು ಬೇರೆ ಕೆಲಸಕ್ಕೆ, ಬೇರೆ ಸಾಮರ್ಥ್ಯದ್ದು. ಎರಡಕ್ಕೂ ಒಂದೇ ಹೆಸರಿರುವುದರಿಂದ ಕರಪತ್ರಗಳಲ್ಲಿ ಒಂದರ ಗುಣ ಇನ್ನೊಂದಕ್ಕೆ ಅಂಟುತ್ತದೆ. ಬಿಸಿಯ ಮಾತು ಬಂದದ್ದಕ್ಕೆ ಇನ್ನೊಂದು ಅಂಕಿಯನ್ನೂ ಕೊಟ್ಟೆ: ಮೂಳೆಗೆ 47 ಡಿಗ್ರಿಯ ಬಿಸಿ ಒಂದು ನಿಮಿಷ ತಾಗಿದರೆ ಹಾನಿಯಾಗುತ್ತದೆ ಎಂದು 1983ರಲ್ಲಿ ಸ್ವೀಡನ್ನಿನ ಸಂಶೋಧಕರು ಮೊಲಗಳಲ್ಲಿ ತೋರಿಸಿದ್ದಾರೆ. ರಂಧ್ರ ಕೊರೆಯುವಾಗ ಸಲೈನ್ ನೀರು ಹರಿಸುತ್ತಲೇ ಇರುವುದು ಅದಕ್ಕೇ.

ಆಮೇಲೆ ಬಿಸಿಲಿನ ಲೆಕ್ಕ. ನಡುಮಧ್ಯಾಹ್ನ ಸ್ವಚ್ಛ ಆಕಾಶವಿದ್ದರೆ ಒಂದು ಚದರ ಮೀಟರ್ ಮೇಲೆ ಸುಮಾರು 1000 ವ್ಯಾಟ್ ಬೀಳುತ್ತದೆ. ಒಂದು ಚದರ ಸೆಂಟಿಮೀಟರಿಗೆ 0.1 ವ್ಯಾಟ್. ಒಂದು ನಿಮಿಷಕ್ಕೆ ಮತ್ತೆ 6 ಜೂಲ್! ಹಿಂದಿನ ಬೆಂಚಿನಿಂದ ಪ್ರಶ್ನೆ ಬರಲು ತಡವಾಗಲಿಲ್ಲ: “ಹಂಗಾದ್ರೆ ಬಿಸಿಲಲ್ಲಿ ಬಾಯಿ ಬಿಟ್ಕೊಂಡು ಕೂತ್ರೆ ಸಾಲದಾ ಮೇಡಂ?”

ತರಗತಿ ನಕ್ಕಿತು. ನಾನು ನಗಿಸಿ ಮುಂದೆ ಹೋಗಲಿಲ್ಲ, ಏಕೆಂದರೆ ಅಂಕಿಯ ಮಟ್ಟಿಗೆ ಅವನ ಪ್ರಶ್ನೆ ಸರಿಯಾಗಿತ್ತು. ಉತ್ತರವನ್ನು ಗುಂಪುಗಳಿಗೇ ಬಿಟ್ಟೆ. ಬಿಸಿಲಿನಲ್ಲಿ ಎಲ್ಲ ಬಣ್ಣವೂ ಇದೆ, ಕೆಂಪಿನ ಪಾಲು ಸ್ವಲ್ಪ ಎಂದಿತು ಒಂದು ಗುಂಪು. ಚರ್ಮ ಸುಡುವ ನೇರಳಾತೀತ ಕಿರಣವೂ ಇದೆ ಎಂದಿತು ಇನ್ನೊಂದು. ದವಡೆಯ ಹಿಂಭಾಗಕ್ಕೆ ಬಿಸಿಲು ತಲುಪುವುದಿಲ್ಲ ಎಂಬುದು ಮೂರನೆಯದು. ಎಷ್ಟು ಶಕ್ತಿ ಎಂಬುದರ ಜೊತೆಗೆ ಯಾವ ತರಂಗದೂರ, ಎಷ್ಟು ಜಾಗಕ್ಕೆ, ಎಷ್ಟು ಹೊತ್ತು ಎಂಬ ಮೂರನ್ನೂ ಹೇಳದೆ ಪ್ರಮಾಣ ಹೇಳಿದಂತಾಗುವುದಿಲ್ಲ ಎಂಬಲ್ಲಿಗೆ ಅವರು ತಾವೇ ಬಂದರು. ಹೆಚ್ಚು ಹಾಯಿಸಿದರೆ ಹೆಚ್ಚು ಗುಣವಾಗುತ್ತದೆಯೆ ಎಂಬ ಪ್ರಶ್ನೆಗೆ ಯೂರಿಯಾದ ಉದಾಹರಣೆ ಸಿಕ್ಕಿತು. ಹದ ಮೀರಿದರೆ ಪೈರು ಸುಡುವಂತೆ, ಪ್ರಮಾಣ ಮೀರಿದ ಬೆಳಕು ಕೋಶದ ಚಟುವಟಿಕೆಯನ್ನು ಕುಗ್ಗಿಸಿದ್ದೂ ಪ್ರಯೋಗಗಳಲ್ಲಿ ಕಂಡಿದೆ.

‘ಬೇಗ’ ಅಂದರೆ ಯಾವುದಕ್ಕಿಂತ?

ಮೂರನೆಯ ಅವಧಿಯಲ್ಲಿ ಮಕ್ಕಳಿಗೆ ಒಂದೇ ಕೆಲಸ ಕೊಟ್ಟೆ: ಕರಪತ್ರದ ಸಾಲು ನಿಜವೋ ಅಲ್ಲವೋ ಪರೀಕ್ಷಿಸುವ ಪ್ರಯೋಗವನ್ನು ನೀವೇ ಯೋಜಿಸಿ. ಮೊದಲು ಬಂದ ಯೋಜನೆ ಎಲ್ಲರೂ ಊಹಿಸಬಹುದಾದದ್ದು: ಹತ್ತು ಜನಕ್ಕೆ ಲೇಸರ್ ಕೊಡುವುದು, ಗುಣವಾದರೆ ನಿಜ. ಲೇಸರ್ ಇಲ್ಲದೆಯೂ ಗುಣವಾಗುವುದನ್ನು ಮೊದಲ ದಿನವೇ ಗ್ರಾಫಿನಲ್ಲಿ ಎಳೆದಿದ್ದೀರಲ್ಲ ಎಂದು ಇನ್ನೊಂದು ಗುಂಪು ಎತ್ತಿಹಿಡಿಯಿತು. ಮೂಳೆಯನ್ನು ಮೊದಲು ಕಲಿಸಿದ್ದರ ಫಲ ಇದು. ನಾನು ಬಾಯಿ ತೆರೆಯಬೇಕಾಗಲಿಲ್ಲ. ಹಾಗಾದರೆ ಹತ್ತು ಜನಕ್ಕೆ ಕೊಟ್ಟು ಹತ್ತು ಜನಕ್ಕೆ ಕೊಡದೆ ನೋಡೋಣ ಎಂದರು. ಆ ಹತ್ತರಲ್ಲಿ ಬೀಡಿ ಸೇದುವವರು, ಸಕ್ಕರೆ ಕಾಯಿಲೆಯವರು ಹೆಚ್ಚಿದ್ದರೆ? ಎರಡೂ ಗಾಯ ಮಾಯುವುದನ್ನು ನಿಧಾನ ಮಾಡುತ್ತವೆ. ಇಲ್ಲಿ ಸ್ವಲ್ಪ ಹೊತ್ತು ಗೊಂದಲವಾಯಿತು. ಒಬ್ಬ ರೈತನ ಮಗ ದಾರಿ ತೋರಿಸಿದ. ಹೊಸ ಗೊಬ್ಬರ ನೋಡಬೇಕಾದರೆ ಅವರಪ್ಪ ಒಂದೇ ಹೊಲದಲ್ಲಿ ಎರಡು ಸಾಲಿಗೆ ಹಾಕಿ, ಎರಡು ಸಾಲು ಬಿಡುತ್ತಾರಂತೆ. ಮಣ್ಣು ಒಂದೇ, ನೀರು ಒಂದೇ. “ಒಂದೇ ಬಾಯಲ್ಲಿ ಎರಡು ಕಡೆ ಹಾಕಿದವರನ್ನ ಹುಡುಕಬೇಕು ಮೇಡಂ. ಒಂದು ಕಡೆಗೆ ಲೇಸರ್, ಇನ್ನೊಂದು ಕಡೆಗೆ ಇಲ್ಲ.”

ದಂತವೈದ್ಯದ ಸಂಶೋಧನೆಯಲ್ಲಿ ಬಳಕೆಯಲ್ಲಿರುವ ಒಂದು ವಿಧಾನ ಸರಿಯಾಗಿ ಇದೇ. ಬಾಯಿಯ ಒಂದು ಬದಿಯನ್ನು ಇನ್ನೊಂದು ಬದಿಗೆ ಹೋಲಿಸುವುದು. ಅವನು ಅದನ್ನು ಹೊಲದಿಂದ ತಂದಿದ್ದ. ರೋಗಿಗೂ ಅಳೆಯುವವರಿಗೂ ಯಾವ ಬದಿಗೆ ನಿಜವಾದ ಬೆಳಕು ಬಿದ್ದಿದೆ ಎಂದು ಗೊತ್ತಿರಬಾರದು ಎಂಬುದನ್ನು ಮಾತ್ರ ನಾನು ಸೇರಿಸಿದೆ. ಅವಕೆಂಪು ಬೆಳಕು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಇದು ಸಾಧ್ಯ.

ಆಮೇಲೆ ಎರಡು ನಿಜವಾದ ಅಧ್ಯಯನಗಳನ್ನು ಮುಂದಿಟ್ಟೆ. 2004ರಲ್ಲಿ ಪ್ರಕಟವಾದ ಒಂದರಲ್ಲಿ, ಮೊಲದ ಕಾಲಿನ ಮೂಳೆಗೆ ಕೂರಿಸಿದ ಟೈಟಾನಿಯಂ ತುಣುಕುಗಳನ್ನು ಎಳೆದು ಬಿಡಿಸಲು, ಲೇಸರ್ ಹಾಯಿಸಿದ ಕಡೆ ಹೆಚ್ಚು ಬಲ ಬೇಕಾಯಿತು. ತರಗತಿಗೆ ಸಂತೋಷ. 2012ರಲ್ಲಿ ಪ್ರಕಟವಾದ ಬ್ರೆಜಿಲ್‌ನ ಅಧ್ಯಯನ ಮನುಷ್ಯರ ಮೇಲೆ ನಡೆದದ್ದು. 8 ರೋಗಿಗಳು, ಕೆಳದವಡೆಯ ಎರಡೂ ಬದಿಯಲ್ಲಿ ಒಟ್ಟು 30 ಇಂಪ್ಲಾಂಟ್‌ಗಳು, ಒಂದು ಬದಿಗೆ ಮಾತ್ರ 830 ನ್ಯಾನೊಮೀಟರ್ ಲೇಸರ್. ಹಿಡಿತವನ್ನು ಕಂಪನದಿಂದಲೇ ಅಳೆದರು. ಎರಡೂ ಬದಿಯಲ್ಲಿ ಹಿಡಿತ ಮೊದಲ ವಾರಗಳಲ್ಲಿ ಇಳಿದು ಆಮೇಲೆ ಏರಿತು. ಮಕ್ಕಳು ಗ್ರಾಫ್ ತೆರೆದು ತಮ್ಮ ತಗ್ಗನ್ನು ನೋಡಿಕೊಂಡರು. ಬದಿಗಳ ನಡುವೆ ಲೇಸರ್‌ನಿಂದ ವ್ಯತ್ಯಾಸವಾಯಿತೆನ್ನಲು ಆಧಾರ ಸಿಗಲಿಲ್ಲ.

ಆ ಅಧ್ಯಯನದ ಅಂಕಿಗಳು ಎರಡನೆಯ ದಿನದ ಲೆಕ್ಕಕ್ಕೂ ಒದಗಿದವು. ಒಂದೊಂದು ಬಿಂದುವಿಗೆ 86 ಮಿಲಿವ್ಯಾಟ್, 3 ಸೆಕೆಂಡ್. ಗುಣಿಸಿದರೆ ಸುಮಾರು 0.25 ಜೂಲ್. ಆದರೆ ವರದಿಯಲ್ಲಿ ಚದರ ಸೆಂಟಿಮೀಟರಿಗೆ 92.1 ಜೂಲ್ ಎಂದೂ ಇದೆ. ಎರಡೂ ಹೇಗೆ ಸರಿ? ಕಿರಣದ ತುದಿ ಒಂದು ಚದರ ಸೆಂಟಿಮೀಟರಿನ ಮುನ್ನೂರರಲ್ಲಿ ಒಂದು ಪಾಲಿಗಿಂತಲೂ ಸಣ್ಣದು ಎಂದು ಭಾಗಿಸಿ ಕಂಡುಹಿಡಿದವರು ಮೂವರು. ಉಳಿದವರಿಗೆ ಅವರೇ ಹೇಳಿಕೊಟ್ಟರು. ಒಂದೇ ಚಿಕಿತ್ಸೆಯನ್ನು ಕಾಲು ಜೂಲ್ ಎಂದೂ 92 ಜೂಲ್ ಎಂದೂ ಹೇಳಬಹುದು, ಏಕಮಾನ ನೋಡದೆ ಓದಿದರೆ ಮೋಸಹೋಗುತ್ತೇವೆ. ಏಕಮಾನ ಬರೆಯದಿದ್ದರೆ ಅರ್ಧ ಅಂಕ ಕಳೆಯುತ್ತೇವೆ ಎಂದು ಎಷ್ಟು ಸಲ ಹೇಳಿದರೂ ಆಗದ ಕೆಲಸ ಇಲ್ಲಿ ಆಯಿತು.

ಮೊಲದಲ್ಲಿ ಆದದ್ದು ಮನುಷ್ಯರಲ್ಲಿ ಏಕೆ ಕಾಣಲಿಲ್ಲ? ಮೊಲದ ಕಾಲಿನ ಮೂಳೆಗೂ ನಮ್ಮ ದವಡೆಗೂ ದಪ್ಪದಲ್ಲಿ ವ್ಯತ್ಯಾಸವಿದೆ, ಪ್ರಮಾಣ ಬೇರೆ, 8 ಜನ ಎಂಬುದು ಸಣ್ಣ ಗುಂಪು, ಕೆಳದವಡೆ ಮೊದಲೇ ಗಟ್ಟಿ, ಸುಧಾರಿಸಲು ಜಾಗವೇ ಕಡಿಮೆ. ಇವೆಲ್ಲ ತರಗತಿಯಿಂದಲೇ ಬಂದ ಊಹೆಗಳು. ‘ಹಾಗಾದರೆ ಲೇಸರ್ ಸುಳ್ಳು’ ಎಂದು ಕೆಲವರು ಹಾರಿದಾಗ ತಡೆಯಬೇಕಾಯಿತು. ಕ್ಯಾನ್ಸರ್ ಚಿಕಿತ್ಸೆಯಿಂದ ಬಾಯಲ್ಲಿ ಏಳುವ ಹುಣ್ಣುಗಳನ್ನು ತಡೆಯಲು, ನಿರ್ದಿಷ್ಟ ರೋಗಿಗಳಿಗೆ, ಇದೇ ಬಗೆಯ ಬೆಳಕನ್ನು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಶಿಫಾರಸು ಮಾಡಿವೆ. ಹಲ್ಲಿನ ಶಸ್ತ್ರಚಿಕಿತ್ಸೆಯ ನಂತರದ ನೋವು, ಊತ ಕಡಿಮೆಯಾಗಿದ್ದನ್ನು ಕೆಲವು ಅಧ್ಯಯನಗಳು ಕಂಡಿವೆ, ಕೆಲವು ಕಂಡಿಲ್ಲ. ಇಂಪ್ಲಾಂಟಿನ ಹಿಡಿತದ ವಿಷಯದಲ್ಲಿ ಫಲಿತಾಂಶಗಳು ಒಂದೇ ಬಗೆಯಾಗಿಲ್ಲ. ಒಂದು ಕಡೆ ನಿಜವಾದದ್ದು ಎಲ್ಲ ಕಡೆಯೂ ನಿಜವಲ್ಲ, ಒಂದು ಕಡೆ ಕಾಣದ್ದು ಎಲ್ಲ ಕಡೆಯೂ ಸುಳ್ಳಲ್ಲ. ‘ಗುಣ’ ಎಂಬ ಒಂದೇ ಪದದೊಳಗೆ ನೋವು ಇಳಿಯುವುದು, ವಸಡು ಕೂಡುವುದು, ಮೂಳೆ ಹಿಡಿಯುವುದು ಎಂಬ ಮೂರು ಸಂಗತಿಗಳಿವೆ ಎಂಬುದನ್ನು ಹಲಗೆಯ ಮೇಲೆ ಬಿಡಿಸಿ ಬರೆದೆವು.

ಅವಧಿ ಮುಗಿಯುವ ಹೊತ್ತಿಗೆ ಹಿಂದಿನ ದಿನಗಳಲ್ಲಿ ಮಾತೇ ಆಡದಿದ್ದ ಒಬ್ಬಳು ಮೇಜಿನ ಬಳಿ ಬಂದಳು. ಅವಳ ಅಜ್ಜಿಗೆ ಇಂಪ್ಲಾಂಟ್ ಹಾಕಿಸಲಿದ್ದಾರೆ, ಅಜ್ಜಿಗೆ ಸಕ್ಕರೆ ಕಾಯಿಲೆ ಇದೆ, ಲೇಸರ್‌ಗೆ ಬೇರೆ ದುಡ್ಡು ಕೇಳುತ್ತಿದ್ದಾರೆ. “ಮಾಡಿಸಬೇಕಾ ಬೇಡ್ವಾ ಮೇಡಂ?”

ಈ ಪ್ರಶ್ನೆಗೆ ಏನು ಹೇಳಬೇಕಿತ್ತು ಎಂಬುದೇ ಆ ಸಂಜೆಯ ಪರಾಮರ್ಶೆಯಲ್ಲಿ ಮುಖ್ಯವಾಯಿತು. ಆಧಾರ ದುರ್ಬಲವಿರುವಾಗ ಬೇಡ ಎನ್ನಬಹುದಿತ್ತಲ್ಲ, ದುಡ್ಡು ಉಳಿಯುತ್ತಿತ್ತು ಎಂದರು ಒಬ್ಬ ಪ್ರಶಿಕ್ಷಣಾರ್ಥಿ. ಇಂಥದ್ದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ವೈದ್ಯರನ್ನೇ ಕೇಳು ಎಂದು ಬಿಡಬೇಕಿತ್ತು ಎಂದರು ಇನ್ನೊಬ್ಬರು. ನಾನು ಎರಡನ್ನೂ ಮಾಡಿರಲಿಲ್ಲ. ಒಬ್ಬ ರೋಗಿಯ ಬಾಯಿಯನ್ನು ನೋಡದೆ ಚಿಕಿತ್ಸೆ ಬೇಕು, ಬೇಡ ಎನ್ನುವ ಅಧಿಕಾರ ವಿಜ್ಞಾನದ ಟೀಚರಿಗಿಲ್ಲ. ‘ವೈದ್ಯರನ್ನು ಕೇಳು’ ಎಂದಷ್ಟೇ ಹೇಳಿ ಕಳಿಸಿದರೆ ಮೂರು ದಿನ ನಾವು ಮಾಡಿದ್ದೇನು? ಏನನ್ನು ಕೇಳಬೇಕು ಎಂಬುದನ್ನು ಅವಳ ಜೊತೆ ಕೂತು ಬರೆದೆ. ಲೇಸರ್‌ನಿಂದ ನಿರೀಕ್ಷಿಸುವುದು ನೋವು ಕಡಿಮೆಯಾಗುವುದನ್ನೋ, ಮೂಳೆ ಬೇಗ ಹಿಡಿಯುವುದನ್ನೋ? ಎಷ್ಟು ಸಲ, ಯಾವ ತರಂಗದೂರ, ಎಷ್ಟು ಜೂಲ್? ಮಾಡಿಸದಿದ್ದರೆ ಏನಾಗುತ್ತದೆ? ಕೊನೆಯದನ್ನು ಅವಳೇ ಸೇರಿಸಿದಳು: ಅಜ್ಜಿಯ ಸಕ್ಕರೆ ಈಗ ಎಷ್ಟಿದ್ದರೆ ಹಾಕಿಸಬಹುದು? ನಾಲ್ಕರಲ್ಲಿ ಅಜ್ಜಿಗೆ ಹೆಚ್ಚು ಉಪಯೋಗವಾಗುವ ಪ್ರಶ್ನೆ ಅದೇ ಎಂದು ನನಗನಿಸಿತು.

ಈ ಪಾಠವನ್ನು ಮತ್ತೆ ಮಾಡಲು ಬಯಸುವವರಿಗೆ ಎರಡು ಮಾತು. 40 ನಿಮಿಷದ ಮೂರು ಅವಧಿಗಳಿಗೆ ಇದು ತುಸು ಬಿಗಿ. ಬೇಕಿದ್ದರೆ ಚರಿತ್ರೆಯನ್ನು ಕಡಿಮೆ ಮಾಡಿ, ಲೆಕ್ಕವನ್ನು ಬಿಡಬೇಡಿ. ಜೀವವಿಜ್ಞಾನ ಮತ್ತು ಭೌತವಿಜ್ಞಾನ ವಿಧಾನದ ಇಬ್ಬರು ಸೇರಿ ಮಾಡುವುದು ಉತ್ತಮ. ಗ್ರಾಫ್ ದಿನ ಒಬ್ಬರು, ಜೂಲ್ ದಿನ ಇನ್ನೊಬ್ಬರು. ಮೂರನೆಯ ದಿನ ಇಬ್ಬರೂ ಇರಲಿ. ಮೌಲ್ಯಮಾಪನಕ್ಕೆ ನಾನು ಕೊಟ್ಟದ್ದು ಒಂದೇ ಪ್ರಶ್ನೆ: ‘ನಮ್ಮ ಎಣ್ಣೆ ಹಚ್ಚಿದವರ ಮುರಿದ ಮೂಳೆ ಆರು ವಾರದಲ್ಲಿ ಕೂಡಿತು’ ಎಂಬ ಜಾಹೀರಾತನ್ನು ಓದಿ ನಿಮಗೇಳುವ ಪ್ರಶ್ನೆಗಳನ್ನು ಬರೆಯಿರಿ. ಹೆಚ್ಚಿನವರು ‘ಹಚ್ಚದವರದು ಎಷ್ಟು ವಾರದಲ್ಲಿ ಕೂಡಿತು?’ ಎಂದು ಬರೆದಿದ್ದರು. ಸ್ಕ್ರೂ ಚಿಗುರುವುದಿಲ್ಲ ಎಂದಿದ್ದ ಹುಡುಗಿಯ ಉತ್ತರ ಪತ್ರಿಕೆಯಲ್ಲಿ ಇನ್ನೊಂದು ಸಾಲೂ ಇತ್ತು: ‘ಎಣ್ಣೆ ಚರ್ಮ ದಾಟಿ ಮೂಳೆವರೆಗೆ ಹೋಗುತ್ತದಾ, ಅದನ್ನು ಯಾರು ನೋಡಿದರು?’